ಗೋಆಕ್ಸೆಸ್ ರಿವ್ಯೂ: ಸೈಟಿಗೆ ಬಂದವರಲ್ಲಿ ಮನುಷ್ಯರೆಷ್ಟು, ಬಾಟ್‌ಗಳೆಷ್ಟು?

ಮೊದಲೇ ಹೇಳಿಬಿಡುತ್ತೇನೆ. ಸರ್ವರಿನ ಲಾಗ್ ಓದಿ ಸೈಟಿಗೆ ಯಾರ್ಯಾರು ಬಂದರು ಅಂತ ಎಣಿಸುವ ಗೋಆಕ್ಸೆಸ್ ಒಳ್ಳೆಯ ಟೂಲ್. ದುಡ್ಡು ಕೊಡಬೇಕಾಗಿಲ್ಲ, ಹಗುರವಾಗಿದೆ, ಸ್ವಂತ ಸರ್ವರ್ ಇರುವವರು ಕಣ್ಣು ಮುಚ್ಚಿ ಹಾಕಿಕೊಳ್ಳಬಹುದು. ಆದರೆ ರಿಪೋರ್ಟಿನ ಮೇಲ್ಗಡೆ ದೊಡ್ಡದಾಗಿ ಕಾಣುವ 'ಯೂನಿಕ್ ವಿಸಿಟರ್ಸ್' ಅನ್ನುವ ನಂಬರನ್ನು ಮಾತ್ರ ಯಾರ ಹತ್ತಿರವೂ ಹೇಳಿಕೊಂಡು ತಿರುಗಬೇಡಿ. ಅದು ಜನರ ಲೆಕ್ಕ ಅಲ್ಲ, ಬಾಟ್‌ಗಳೂ, ಅಂದರೆ ತಾವಾಗಿ ಸೈಟುಗಳನ್ನು ಸುತ್ತಿ ಪುಟ ಎತ್ತಿಕೊಳ್ಳುವ ಪ್ರೋಗ್ರಾಮುಗಳೂ, ಅದರಲ್ಲಿ ಸೇರಿರುತ್ತವೆ. ಅದು ಯಾವುದರ ಲೆಕ್ಕ, ಅದರಿಂದ ಜನರ ಲೆಕ್ಕಕ್ಕೆ ಹೋಗುವುದು ಹೇಗೆ ಅನ್ನುವುದೇ ಈ ರಿವ್ಯೂ.

ನನ್ನದು ಅಡಿಕೆ ಧಾರಣೆಯ ಚಿಕ್ಕ ಸೈಟ್. ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳಲ್ಲಿ ರಾಶಿ, ಬೆಟ್ಟೆ, ಗೊರಬಲು, ಚಾಲಿಗೆ ಅವತ್ತು ಎಷ್ಟು ಸಿಕ್ಕಿತು ಅಂತ ಹಾಕುತ್ತೇನೆ, ಹಳೆಯ ರೇಟುಗಳೂ ಅಲ್ಲೇ ಇರುತ್ತವೆ. ನೋಡುವವರು ಬೆಳೆಗಾರರು, ಚಿಕ್ಕ ವ್ಯಾಪಾರಿಗಳು, ಬೆಂಗಳೂರಿನಲ್ಲಿ ಕೂತು ಅಪ್ಪನ ತೋಟದ ಲೆಕ್ಕ ಹಾಕುವ ಮಕ್ಕಳು. ಬಹುತೇಕ ಎಲ್ಲರೂ ಮೊಬೈಲಿನಲ್ಲೇ. ಗೊಬ್ಬರ ಮತ್ತು ಸ್ಪ್ರೇಯರ್ ಅಂಗಡಿಯವರೊಬ್ಬರು ಜಾಹೀರಾತು ಕೊಡಲು ಬಂದವರು, "ದಿನಾ ಎಷ್ಟು ಜನ ನೋಡ್ತಾರೆ ಸಾರ್?" ಎಂದು ಕೇಳಿದರು. ಹೋಸ್ಟಿಂಗ್ ಕಂಪನಿಯ ಡ್ಯಾಶ್‌ಬೋರ್ಡ್ ಒಂದು ನಂಬರ್ ಹೇಳುತ್ತಿತ್ತು. ಗೂಗಲ್ ಅನಾಲಿಟಿಕ್ಸ್ ಅದರ ಒಂದು ಪಾಲೂ ಹೇಳುತ್ತಿರಲಿಲ್ಲ. ಎರಡರ ನಡುವೆ ಅಷ್ಟು ಅಂತರ ಇದ್ದಾಗ ಸರ್ವರಿನ ಲಾಗ್ ಫೈಲನ್ನೇ, ಅಂದರೆ ಬಂದ ಪ್ರತಿ ವಿನಂತಿಯನ್ನೂ ಒಂದೊಂದು ಸಾಲಾಗಿ ಬರೆದಿಡುವ ಫೈಲನ್ನೇ, ಓದುವುದು ಬಿಟ್ಟು ಬೇರೆ ದಾರಿ ಇಲ್ಲ. ಲಾಗ್ ಓದಲು ಗೋಆಕ್ಸೆಸ್.

ಇದು ಸಿ ಭಾಷೆಯಲ್ಲಿ ಬರೆದ ಟೂಲ್. ಗೆರಾರ್ಡೊ ಒರೆಲಾನಾ ಎನ್ನುವವರು 2010ರಲ್ಲಿ ಹೊರತಂದದ್ದು, ಎಂಐಟಿ ಲೈಸೆನ್ಸ್. ಉಬುಂಟುವಿನಲ್ಲಿ ಒಂದೇ ಕಮಾಂಡಿಗೆ ಇನ್‌ಸ್ಟಾಲ್ ಆಗುತ್ತದೆ. ಎನ್‌ಜಿನ್ಎಕ್ಸ್ ಅಥವಾ ಅಪಾಚೆ ಎಂಬ ಸರ್ವರ್ ಸಾಫ್ಟ್‌ವೇರಿನ ಆಕ್ಸೆಸ್ ಲಾಗ್ ತೋರಿಸಿ, ಫಾರ್ಮ್ಯಾಟ್ 'ಕಂಬೈನ್ಡ್' ಅಂತ ಹೇಳಿದರೆ ಸಾಕು, ಟರ್ಮಿನಲ್ಲಿನಲ್ಲೇ ರಿಪೋರ್ಟ್ ಬಂದು ಕೂರುತ್ತದೆ. ಬೇಕಿದ್ದರೆ ಎಚ್‌ಟಿಎಂಎಲ್ ಪುಟವಾಗಿಯೂ ತೆಗೆಯಬಹುದು, ಅದು ಲೈವ್ ಆಗಿ ಬದಲಾಗುತ್ತಾ ಇರುವ ಹಾಗೂ ಮಾಡಬಹುದು. ನಮ್ಮ ಪುಟಗಳಲ್ಲಿ ಯಾವ ಕೋಡೂ ಸೇರಿಸಬೇಕಿಲ್ಲ, ಓದುಗರ ಬ್ರೌಸರಿಗೆ ಕುಕೀ ಹಾಕುವುದಿಲ್ಲ. ಶೇರ್ಡ್ ಹೋಸ್ಟಿಂಗಿನಲ್ಲಿ ಇರುವವರು ಸಿಪ್ಯಾನೆಲ್‌ನಿಂದ ಲಾಗ್ ಇಳಿಸಿಕೊಂಡು ತಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು.

ಸುಮ್ನೆ ಓಡಿಸಿದರೆ ಬಾಟ್‌ಗಳನ್ನೂ ಸೇರಿಸಿಯೇ ಎಣಿಸುತ್ತದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. 'ಇಗ್ನೋರ್ ಕ್ರಾಲರ್ಸ್' (ಕ್ರಾಲರ್ ಅಂದರೂ ಬಾಟೇ) ಅನ್ನುವ ಆಯ್ಕೆ ಕೊಟ್ಟರೆ ಬಾಟ್‌ಗಳ ಸಾಲುಗಳನ್ನು ಬಿಟ್ಟುಬಿಡುತ್ತದೆ. 'ಕ್ರಾಲರ್ಸ್ ಓನ್ಲಿ' ಕೊಟ್ಟರೆ ಬಾಟ್‌ಗಳನ್ನು ಮಾತ್ರ ತೋರಿಸುತ್ತದೆ. ನಾನು ಒಂದೇ ಲಾಗನ್ನು ಎರಡು ಸಲ ಓಡಿಸಿ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಬಾಟ್‌ಗಳ ರಿಪೋರ್ಟೇ ಜಾಸ್ತಿ ಮಜಾ ಇರುತ್ತದೆ. ನನ್ನ ಸೈಟಿನಲ್ಲಿ ಹಳೆಯ ರೇಟಿನ ಪುಟಗಳನ್ನು ಯಾವ ರೈತರೂ ಅಷ್ಟಾಗಿ ಓದುವುದಿಲ್ಲ, ಇವು ಮಾತ್ರ ಒಂದೂ ಬಿಡದೆ, ತಿಂಗಳು ತಿಂಗಳಾಗಿ ಶ್ರದ್ಧೆಯಿಂದ ಓದುತ್ತವೆ.

ಈಗ ಮುಖ್ಯ ವಿಷಯ. ಬಾಟ್ ಯಾವುದು ಅಂತ ಗೋಆಕ್ಸೆಸ್ ಹೇಗೆ ತೀರ್ಮಾನಿಸುತ್ತದೆ? ಹೆಸರು ನೋಡಿ. ಅಷ್ಟೇ. ಸೈಟಿಗೆ ಬರುವ ಪ್ರತಿ ಪ್ರೋಗ್ರಾಮೂ 'ಯೂಸರ್ ಏಜೆಂಟ್' ಎನ್ನುವ ಒಂದು ಸಾಲಿನಲ್ಲಿ ತಾನು ಯಾರು ಅಂತ ಹೇಳಿಕೊಳ್ಳುತ್ತದೆ. ಮದುವೆ ಮನೆ ಬಾಗಿಲಲ್ಲಿ ಕೂತು, ಬಂದವರು ಏನು ಹೆಸರು ಹೇಳಿದರೋ ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳುವವರ ಥರ ಈ ಟೂಲ್. ಗೂಗಲ್‌ಬಾಟ್, ಬಿಂಗ್‌ಬಾಟ್, ಅಹ್ರೆಫ್ಸ್‌ಬಾಟ್, ಸೆಮ್ರಶ್‌ಬಾಟ್, ಜಿಪಿಟಿಬಾಟ್, ಕ್ಲಾಡ್‌ಬಾಟ್, ಅಮೆಜಾನ್‌ಬಾಟ್, ಬೈಟ್‌ಸ್ಪೈಡರ್, ಸಿಸಿಬಾಟ್ ಇವೆಲ್ಲ ತಮ್ಮ ಹೆಸರು ತಾವೇ ಹೇಳುತ್ತವೆ. ಇವನ್ನು ಬೇರೆ ಮಾಡುವುದು ದೊಡ್ಡ ಕೆಲಸವೇ ಅಲ್ಲ. ಹೊಸ ಹೆಸರು ಬಂದರೆ, ಅದರಲ್ಲೂ ಉಬುಂಟುವಿನ ಜೊತೆ ಬರುವ ಹಳೆಯ ಆವೃತ್ತಿ ಇದ್ದರೆ, ಪಟ್ಟಿಗೆ ನಾವೇ ಸೇರಿಸಬೇಕಾಗಬಹುದು. ಅದಕ್ಕೊಂದು ಬ್ರೌಸರ್ ಪಟ್ಟಿಯ ಫೈಲ್ ಇದೆ: ಹೆಸರು, ಆಮೇಲೆ ಟ್ಯಾಬ್, ಆಮೇಲೆ 'ಕ್ರಾಲರ್ಸ್'. ಟ್ಯಾಬ್ ಬದಲು ಸ್ಪೇಸ್ ಹಾಕಬೇಡಿ. ಯಾರೆಂದು ಗೊತ್ತಾಗದವರನ್ನೆಲ್ಲ ಬಾಟ್ ಅಂತ ಲೆಕ್ಕ ಹಿಡಿಯುವ ಆಯ್ಕೆಯೂ ಇದೆ. ನಾನು ಅದನ್ನು ಆನ್ ಮಾಡಿಟ್ಟಿದ್ದೇನೆ.

ಹೆಸರು ಹೇಳುವವರಲ್ಲೂ ಸುಳ್ಳು ಹೇಳುವವರಿದ್ದಾರೆ. ಗೂಗಲ್‌ಬಾಟ್ ಅಂತ ಹೇಳಿಕೊಂಡರೆ ಯಾರೂ ತಡೆಯುವುದಿಲ್ಲ ಅನ್ನುವ ಧೈರ್ಯ. ಇದನ್ನು ಕಂಡುಹಿಡಿಯುವ ವಿಧಾನವನ್ನು ಗೂಗಲ್ಲೇ ಹೇಳಿದೆ. ಆ ಐಪಿ ವಿಳಾಸದ, ಅಂದರೆ ಬಂದವರ ಇಂಟರ್ನೆಟ್ ಸಂಪರ್ಕದ ನಂಬರಿನ, ಹಿಂದಿನ ಡೊಮೇನ್ ಹೆಸರು ಹುಡುಕಬೇಕು, ಅದು ಗೂಗಲ್‌ಬಾಟ್ ಡಾಟ್ ಕಾಮ್ ಥರದ ಗೂಗಲ್ಲಿನದೇ ಡೊಮೇನಿನಲ್ಲಿ ಮುಗಿಯಬೇಕು, ಆಮೇಲೆ ಆ ಹೆಸರನ್ನು ತಿರುಗಿಸಿ ಹುಡುಕಿದರೆ ಅದೇ ಐಪಿ ಸಿಗಬೇಕು. ಬಿಂಗ್‌ಗೂ ಇದೇ ಪರೀಕ್ಷೆ. ಓಪನ್‌ಎಐ ಕೂಡ ತನ್ನ ಬಾಟ್‌ಗಳ ಐಪಿ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿದೆ. ಗೋಆಕ್ಸೆಸ್ ಈ ಪರೀಕ್ಷೆಯನ್ನು ತಾನಾಗಿ ಮಾಡುವುದಿಲ್ಲ. ಹೋಸ್ಟ್ಸ್ ಪ್ಯಾನೆಲ್ ನೋಡಿಕೊಂಡು ನಾವೇ ಮಾಡಬೇಕು. 66.249 ಎಂದು ಶುರುವಾಗುವ ಐಪಿ ಕಂಡರೆ ಸಾಮಾನ್ಯವಾಗಿ ನಿಜವಾದ ಗೂಗಲ್ಲೇ ಆಗಿರುತ್ತದೆ. ಎಲ್ಲೋ ಬಾಡಿಗೆ ಸರ್ವರಿನಿಂದ ಬಂದು ವರ್ಡ್‌ಪ್ರೆಸ್ ಲಾಗಿನ್ ಪುಟ ಹುಡುಕುವ 'ಗೂಗಲ್‌ಬಾಟ್' ಯಾವುದೆಂದು ಹೇಳಬೇಕಾಗಿಲ್ಲ, ಅಲ್ವಾ? ನನ್ನ ಸೈಟಿನಲ್ಲಿ ವರ್ಡ್‌ಪ್ರೆಸ್ಸೇ ಇಲ್ಲ. ಆದರೂ ಇಲ್ಲದ ಪುಟ ಕೇಳಿದವರನ್ನು ತೋರಿಸುವ 404 ಪ್ಯಾನೆಲ್ ತುಂಬ ಅದರ ಲಾಗಿನ್ ಪುಟವನ್ನೂ ಪಾಸ್‌ವರ್ಡ್ ಇಡುವ ಫೈಲುಗಳನ್ನೂ ಕೇಳಿಕೊಂಡು ಬಂದವರೇ. ಇವರನ್ನು ಒಂದೇ ನೋಟಕ್ಕೆ ಆಚೆ ಹಾಕಬಹುದು.

ಕಷ್ಟ ಇರುವುದು ಮೂರನೆಯ ಗುಂಪಿನಲ್ಲಿ. ತಾವು ಮಾಮೂಲಿ ಕ್ರೋಮ್ ಅಂತ ಹೇಳಿಕೊಂಡು ಬರುವ ಬಾಟ್‌ಗಳು. ಗೋಆಕ್ಸೆಸ್‌ಗೆ ಇವು ಅಪ್ಪಟ ಮನುಷ್ಯರು. ಅದರ ಲೆಕ್ಕದಲ್ಲಿ ಒಂದೇ ದಿನ, ಒಂದೇ ಐಪಿ, ಒಂದೇ ಯೂಸರ್ ಏಜೆಂಟ್ ಇದ್ದರೆ ಒಬ್ಬ ವಿಸಿಟರ್. ಒಂದು ಬಾಟ್ ಸಾವಿರ ಐಪಿ ಬದಲಿಸಿಕೊಂಡು ಬಂದರೆ ಸಾವಿರ ವಿಸಿಟರ್. ಈಗ ಬಾಡಿಗೆಗೆ ಮನೆ ಮನೆಯ ಇಂಟರ್ನೆಟ್ ಸಂಪರ್ಕಗಳೇ ಸಿಗುತ್ತವೆ, ಹಾಗಾಗಿ ಪ್ರತಿ ಪುಟಕ್ಕೂ ಹೊಸ ಐಪಿ ಬಳಸುವ ಬಾಟ್‌ಗಳು ಅಪರೂಪವೇನಲ್ಲ.

ನಮ್ಮ ಕಡೆಯ ಮೊಬೈಲ್ ಓದುಗರ ವಿಷಯದಲ್ಲಿ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. ಮೊಬೈಲ್ ಕಂಪನಿಗಳು ಹಳೆಯ ಥರದ (ಐಪಿವಿ4) ಒಂದು ಐಪಿಯ ಹಿಂದೆ ಎಷ್ಟೋ ಗ್ರಾಹಕರನ್ನು ಕೂರಿಸುತ್ತವೆ. ಅದರ ಮೇಲೆ, ಓದುಗರ ಗುರುತು ಸಿಗಬಾರದು ಎಂಬ ಒಳ್ಳೆಯ ಉದ್ದೇಶಕ್ಕೆ ಆಂಡ್ರಾಯ್ಡಿನ ಕ್ರೋಮ್ 2023ರಿಂದ ಫೋನಿನ ಮಾಡೆಲ್ ಹೇಳುವುದನ್ನೇ ನಿಲ್ಲಿಸಿದೆ. ಎಲ್ಲ ಫೋನೂ 'ಆಂಡ್ರಾಯ್ಡ್ 10, ಕೆ' ಅಂತಲೇ ಹೇಳುತ್ತದೆ. ಅಂದರೆ ತೀರ್ಥಹಳ್ಳಿಯ ಒಬ್ಬರು ಮತ್ತು ಸೊರಬದ ಇನ್ನೊಬ್ಬರು ಒಂದೇ ಐಪಿಯಿಂದ, ಒಂದೇ ಕ್ರೋಮ್ ಆವೃತ್ತಿಯಲ್ಲಿ ಬಂದರೆ ಗೋಆಕ್ಸೆಸ್‌ಗೆ ಅವರಿಬ್ಬರೂ ಒಬ್ಬರೇ. ಇನ್ನೊಂದು ಕಡೆ ಹೊಸ ಥರದ ಐಪಿ, ಅಂದರೆ ಐಪಿವಿ6 ಇರುವ ಫೋನುಗಳ ವಿಳಾಸ ಆಗಾಗ ಬದಲಾಗುತ್ತದೆ, ಆಗ ಒಬ್ಬರೇ ಇಬ್ಬರು ಮೂವರಾಗಿ ಎಣಿಕೆಯಾಗುತ್ತಾರೆ. ಮನುಷ್ಯರನ್ನು ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಎಣಿಸಿ, ಬಾಟ್‌ಗಳನ್ನು ಜಾಸ್ತಿ ಎಣಿಸುವ ಮೀಟರ್ ಇದು. ಟೂಲಿನ ತಪ್ಪಲ್ಲ, ಲಾಗಿನಲ್ಲಿ ಇರುವುದೇ ಅಷ್ಟು. ಹಾಗೆಯೇ ಆಪರೇಟಿಂಗ್ ಸಿಸ್ಟಂ ಪ್ಯಾನೆಲ್ ನೋಡಿ "ನಮ್ಮ ಓದುಗರೆಲ್ಲ ಇನ್ನೂ ಆಂಡ್ರಾಯ್ಡ್ 10ರಲ್ಲೇ ಇದ್ದಾರೆ" ಅಂತ ತೀರ್ಮಾನಕ್ಕೂ ಬರಬೇಡಿ.

ಹೆಸರು, ಸಂಖ್ಯೆ ಬಿಟ್ಟು ನಡವಳಿಕೆ ನೋಡಿದರೆ ಗೋಆಕ್ಸೆಸ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮನುಷ್ಯರ ಬ್ರೌಸರ್ ಒಂದು ಪುಟ ತೆರೆದರೆ ಅದರ ಹಿಂದೆಯೇ ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಫೈಲ್, ಫಾಂಟ್, ಚಿತ್ರ, ಟ್ಯಾಬಿನ ಪುಟ್ಟ ಐಕಾನ್ ಎಲ್ಲ ಕೇಳುತ್ತದೆ. ಎರಡನೇ ಸಲ ಬಂದಾಗ ಅವುಗಳಲ್ಲಿ ಕೆಲವನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಲೇಖನ ಮಾತ್ರ ಬೇಕಾದ ಬಾಟ್ ಪುಟ ಎತ್ತಿಕೊಂಡು ಹೋಗುತ್ತದೆ, ಫಾಂಟ್ ಕಟ್ಟಿಕೊಂಡು ಅದಕ್ಕೇನು ಕೆಲಸ? ಹಾಗಾಗಿ ನಾನು ಪುಟಗಳ ಪ್ಯಾನೆಲ್ಲಿಗಿಂತ ಇಂಥ ಫೈಲುಗಳ, ಅಂದರೆ ಸ್ಟ್ಯಾಟಿಕ್ ಫೈಲುಗಳ ಪ್ಯಾನೆಲ್ ಜಾಸ್ತಿ ನೋಡುತ್ತೇನೆ. ಸೈಟಿನ ಕನ್ನಡ ಫಾಂಟ್ ಫೈಲನ್ನು ನಮ್ಮ ಸರ್ವರಿನಿಂದಲೇ ಕೊಡುತ್ತಿದ್ದರೆ, ಎಷ್ಟು ಜನ ಅದನ್ನು ಇಳಿಸಿಕೊಂಡರು ಅನ್ನುವುದು ಹೊಸಬರು ಎಷ್ಟು ಬಂದರು ಅನ್ನುವುದಕ್ಕೆ ಒಳ್ಳೆಯ ಅಂದಾಜು. ಪೂರ್ತಿ ನಂಬಬೇಡಿ. ತೆರೆ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ನಿಜವಾದ ಕ್ರೋಮ್ ಬಳಸುವ ಬಾಟ್‌ಗಳು ಫಾಂಟನ್ನೂ ಇಳಿಸುತ್ತವೆ, ಜಾವಾಸ್ಕ್ರಿಪ್ಟನ್ನೂ ಓಡಿಸುತ್ತವೆ. ಆದರೆ ಅದಕ್ಕೆ ಖರ್ಚು ಜಾಸ್ತಿ, ಹಾಗಾಗಿ ಎಲ್ಲವೂ ಹಾಗೆ ಮಾಡುವುದಿಲ್ಲ.

ಇನ್ನೊಂದು ಪ್ಯಾನೆಲ್ ಗಂಟೆಗಳದ್ದು. ಯಾರ್ಡಿನಲ್ಲಿ ಟೆಂಡರ್ ಮುಗಿದು ರೇಟು ಹೊರಬೀಳುವ ಹೊತ್ತಿನಿಂದ ರಾತ್ರಿ ಊಟದ ತನಕ ನನ್ನ ಓದುಗರ ಸಂತೆ. ನಡುರಾತ್ರಿ ಎರಡು ಗಂಟೆಗೆ ಗೊರಬಲು ರೇಟು ನೋಡುವ ರೈತರು ಎಷ್ಟು ಜನ ಇದ್ದಾರು? ಭಾನುವಾರ ಯಾರ್ಡ್ ರಜೆ, ಓದುಗರೂ ರಜೆ. ಬಾಟ್‌ಗಳಿಗೆ ಭಾನುವಾರ ಗೊತ್ತಿಲ್ಲ. ಇದನ್ನೇ ಹಿಡಿದುಕೊಂಡು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ: ಬಾಟ್ ತೆಗೆದ ರಿಪೋರ್ಟಿನಲ್ಲಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಗಂಟೆಗೆ ಎಷ್ಟು ಹಿಟ್ (ವಿನಂತಿ) ಬರುತ್ತದೋ ಅದನ್ನು ಹೆಸರು ಮರೆಸಿದ ಬಾಟ್‌ಗಳ ಪಾಲು ಅಂದುಕೊಂಡು, ಹಗಲಿನ ಪ್ರತಿ ಗಂಟೆಯಿಂದಲೂ ಅಷ್ಟನ್ನು ಕಳೆಯುವುದು. ಅಮೆರಿಕದಲ್ಲಿ ಇರುವ ಒಂದಿಬ್ಬರು ಮಗ ಸೊಸೆಯರು ಇದರಲ್ಲಿ ಬಾಟ್ ಆಗಿಬಿಡುತ್ತಾರೆ, ಇರಲಿ. ನಿಮ್ಮ ಸೈಟ್ ಹೊರದೇಶದ ಕನ್ನಡಿಗರಿಗಾಗಿಯೇ ಇದ್ದರೆ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ. ಮತ್ತೆ, ಬಹಳ ಸರ್ವರ್‌ಗಳ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಹೊಸ ಆವೃತ್ತಿಗಳಲ್ಲಿ ಟೈಮ್‌ಝೋನ್ ಆಯ್ಕೆ ಇದೆ, ಏಷ್ಯಾ/ಕೋಲ್ಕತಾ ಅಂತ ಕೊಡಿ. ಇಲ್ಲದಿದ್ದರೆ ನಿಮ್ಮ ಬೆಳಗಿನ ಓದುಗರೆಲ್ಲ ನಡುರಾತ್ರಿಯ ಲೆಕ್ಕಕ್ಕೆ ಹೋಗುತ್ತಾರೆ.

ಹೊಸ ಆವೃತ್ತಿಯಲ್ಲಿ ಎಎಸ್‌ಎನ್ ಪ್ಯಾನೆಲ್ ಕೂಡ ಇದೆ, ಅಂದರೆ ಆ ಐಪಿ ಯಾವ ನೆಟ್‌ವರ್ಕಿನದು ಅನ್ನುವುದು. ಇದಕ್ಕೆ ಮ್ಯಾಕ್ಸ್‌ಮೈಂಡ್ ಕಂಪನಿಯ ಫ್ರೀ ಡೇಟಾಬೇಸ್ ಇಳಿಸಿಕೊಳ್ಳಬೇಕು, ಅಲ್ಲಿ ಅಕೌಂಟ್ ಮಾಡಬೇಕು, ಸ್ವಲ್ಪ ರಗಳೆ. ಆದರೆ ಮಾಡಿಕೊಳ್ಳಿ. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್‌ನಿಂದ ಬಂದವರು ಒಂದು ಕಡೆ, ಅಮೆಜಾನ್, ಹೆಟ್ಸ್‌ನರ್, ಅಲಿಬಾಬಾ, ಟೆನ್ಸೆಂಟ್ ಥರದ ಡೇಟಾ ಸೆಂಟರ್‌ಗಳಿಂದ ಬಂದವರು ಇನ್ನೊಂದು ಕಡೆ ಸಾಲಾಗಿ ಕಾಣುತ್ತಾರೆ. ಅಡಿಕೆ ಬೆಳೆಗಾರರು ಡೇಟಾ ಸೆಂಟರಿನಲ್ಲಿ ವಾಸ ಮಾಡುವುದಿಲ್ಲ. ವಿಪಿಎನ್ ಹಾಕಿಕೊಂಡ ಯಾರೋ ಒಬ್ಬರು ಇರಬಹುದು, ಅದು ಲೆಕ್ಕಕ್ಕೆ ಬರುವಷ್ಟಲ್ಲ. ಈ ಟೂಲಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ.

ಇಷ್ಟೆಲ್ಲ ಮಾಡಿಯೂ ನಿಖರ ಲೆಕ್ಕ ಸಿಗದಿದ್ದರೆ ಬೇಜಾರು ಬೇಡ. ವಿಕಿಪೀಡಿಯಕ್ಕೇ ಸಿಕ್ಕಿಲ್ಲ. 2025ರ ಮೇ ಸುಮಾರಿಗೆ ಅವರಲ್ಲಿ ಮನುಷ್ಯರ ಓದು ಏಕಾಏಕಿ ಏರಿದ ಹಾಗೆ ಕಂಡಿತ್ತು, ಹೆಚ್ಚಿನದು ಬ್ರೆಜಿಲ್‌ನಿಂದ. ಆಮೇಲೆ ಬಾಟ್ ಹಿಡಿಯುವ ವ್ಯವಸ್ಥೆಯನ್ನು ಬಿಗಿ ಮಾಡಿ ಮತ್ತೆ ಎಣಿಸಿದಾಗ ಅದರಲ್ಲಿ ಬಹುಪಾಲು ಬಾಟ್‌ಗಳೇ ಎಂದು ತಿಳಿಯಿತು, ಮನುಷ್ಯರ ಓದು ಹಿಂದಿನ ವರ್ಷಕ್ಕಿಂತ ಸುಮಾರು 8% ಇಳಿದಿದೆ ಎಂದು ವಿಕಿಮೀಡಿಯ ಫೌಂಡೇಶನ್ ಅಕ್ಟೋಬರಿನಲ್ಲಿ ಹೇಳಿತು. ಅದೇ ಫೌಂಡೇಶನ್ ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೊಂದು ಮಾತು ಹೇಳಿತ್ತು: ಒಟ್ಟು ಪುಟವೀಕ್ಷಣೆಯಲ್ಲಿ ಬಾಟ್‌ಗಳದ್ದು 35% ಮಾತ್ರ, ಆದರೆ ತಮಗೆ ಜಾಸ್ತಿ ಖರ್ಚು ತರುವ ಟ್ರಾಫಿಕ್ಕಿನಲ್ಲಿ 65% ಬಾಟ್‌ಗಳದ್ದು. ಜನ ಓದುವ ಪುಟಗಳು ಕ್ಯಾಷ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಪ್ರತಿಯಿಂದ, ಹೋಗುತ್ತವೆ, ಬಾಟ್‌ಗಳು ಯಾರೂ ಓದದ ಮೂಲೆಯ ಪುಟಗಳನ್ನೆಲ್ಲ ಕೆದಕುತ್ತವೆ, ಅವನ್ನು ಮೂಲ ಸರ್ವರೇ ಎದ್ದು ಕೊಡಬೇಕು. ನನ್ನ ಹಳೆಯ ರೇಟಿನ ಪುಟಗಳ ಕಥೆಯೂ ಇದೇ, ಚಿಕ್ಕ ಅಳತೆಯಲ್ಲಿ.

ಗೋಆಕ್ಸೆಸ್ ಮಾತ್ರ ಅಲ್ಲ, ಯಾವ ಟೂಲೂ ಸರಿಯಾಗಿ ಖಾನೆ ಕೊಡದ ಒಂದು ಗುಂಪಿದೆ. ಯಾರಾದರೂ ನನ್ನ ಪುಟದ ಲಿಂಕನ್ನು ವಾಟ್ಸಾಪಿನಲ್ಲಿ ಹಾಕಿದರೆ, ಚಿತ್ರ ಮತ್ತು ಶೀರ್ಷಿಕೆಯ ಪ್ರಿವ್ಯೂ ಮಾಡಲು ವಾಟ್ಸಾಪ್ ಸೈಟಿಗೆ ಒಮ್ಮೆ ಬಂದು ಹೋಗುತ್ತದೆ, ಲಾಗಿನಲ್ಲಿ ಅದರ ಹೆಸರೇ ಬೀಳುತ್ತದೆ. ಅದು ಓದಿದ್ದಲ್ಲ. ಆದರೆ ಅದರ ಹಿಂದೆ ಒಬ್ಬ ಮನುಷ್ಯ ಗ್ಯಾರಂಟಿ ಇದ್ದಾನೆ, ಅದೂ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿದ ಮನುಷ್ಯ. ಅದೇ ಥರ ಚಾಟ್‌ಜಿಪಿಟಿಯಲ್ಲಿ ಯಾರೋ "ಇವತ್ತು ಶಿರಸಿಯಲ್ಲಿ ರಾಶಿ ರೇಟ್ ಎಷ್ಟು" ಎಂದು ಕೇಳಿದಾಗ 'ಚಾಟ್‌ಜಿಪಿಟಿ-ಯೂಸರ್' ಎಂಬ ಹೆಸರಿನಲ್ಲಿ ಒಂದು ಹಿಟ್ ಬರುತ್ತದೆ. ಇದು ತರಬೇತಿಗೆ ಪುಟ ಒಯ್ಯುವ ಜಿಪಿಟಿಬಾಟ್ ಅಲ್ಲ, ಬೇರೆ. ರೈತರಿಗೆ ರೇಟು ಸಿಕ್ಕಿತು, ನನ್ನ ಪುಟ ಮಾತ್ರ ಯಾರೂ ನೋಡಲಿಲ್ಲ, ಜಾಹೀರಾತನ್ನೂ ನೋಡಲಿಲ್ಲ. ಬಾಟ್ ಅಂತ ಆಚೆ ಹಾಕಿದರೆ ತಪ್ಪು, ಓದುಗ ಅಂತ ಎಣಿಸಿದರೂ ತಪ್ಪು. ನಾನು ಇವೆರಡನ್ನೂ ಸೋಸಿ ಬೇರೆ ಬರೆದಿಡುತ್ತೇನೆ. ವಾಟ್ಸಾಪ್ ಸಾಲುಗಳು ಏರಿದ ದಿನ ಸಂಜೆ ಓದುಗರೂ ಏರುತ್ತಾರೆ, ನೋಡುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಬೇರೆ ಟೂಲುಗಳ ಜೊತೆ ಹೋಲಿಸದಿದ್ದರೆ ರಿವ್ಯೂ ಪೂರ್ತಿ ಆಗುವುದಿಲ್ಲ. ಗೂಗಲ್ ಅನಾಲಿಟಿಕ್ಸ್ 4 ತನಗೆ ಗೊತ್ತಿರುವ ಬಾಟ್‌ಗಳನ್ನು ತಾನಾಗಿಯೇ ತೆಗೆದುಹಾಕುತ್ತದೆ, ಆದರೆ ಎಷ್ಟು ತೆಗೆಯಿತು ಎಂದು ತೋರಿಸುವುದಿಲ್ಲ, ನಿಲ್ಲಿಸಲೂ ಬರುವುದಿಲ್ಲ. ಜಾವಾಸ್ಕ್ರಿಪ್ಟ್ ಓಡಿಸದ ಬಾಟ್‌ಗಳು ಅದಕ್ಕೆ ಕಾಣುವುದೇ ಇಲ್ಲ, ಅದು ಒಳ್ಳೆಯದೇ. ಆದರೆ ಆಡ್ ಬ್ಲಾಕರ್ ಇರುವ, ಬ್ರೇವ್ ಬ್ರೌಸರ್ ಬಳಸುವ ನಿಜವಾದ ಓದುಗರೂ ಕಾಣುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಚೀನಾದ ಲಾಂಜೌ ಮತ್ತು ಸಿಂಗಪುರದಿಂದ ರಾಶಿ ರಾಶಿ 'ಓದುಗರು' ಬಂದಂತೆ ಅದರಲ್ಲಿ ಎಷ್ಟೋ ಸೈಟಿನವರಿಗೆ ಕಂಡಿತಲ್ಲ, ಅಂದರೆ ಅದರ ಜರಡಿಯಲ್ಲೂ ತೂತಿದೆ. ಲಾಗ್ ಓದುವ ಇನ್ನೊಂದು ಟೂಲ್ ಎಡಬ್ಲ್ಯುಸ್ಟ್ಯಾಟ್ಸ್ ಹಳೆಯ ಕಾಲದ್ದು, ನೋಡಲು ಚೆಂದ ಇಲ್ಲ, ಆದರೆ ಬಾಟ್‌ಗಳ ಟ್ರಾಫಿಕ್ಕನ್ನು ಮೊದಲಿನಿಂದಲೂ ಬೇರೆ ಸಾಲಿನಲ್ಲೇ ತೋರಿಸುವ ಒಳ್ಳೆಯ ಗುಣ ಅದಕ್ಕಿದೆ. ಕ್ಲೌಡ್‌ಫ್ಲೇರ್ ಎನ್ನುವ ಸೇವೆ ನಮ್ಮ ಸರ್ವರಿನ ಮುಂದೆ ನಿಂತು ಪ್ರತಿ ವಿನಂತಿಯನ್ನೂ ನೋಡುತ್ತದೆ, ಲಾಗಿನಲ್ಲಿ ಬೀಳದ ಸುಳಿವುಗಳೂ ಅದಕ್ಕೆ ಸಿಗುತ್ತವೆ, ಬಾಟ್ ಹಿಡಿಯುವುದರಲ್ಲಿ ಗೋಆಕ್ಸೆಸ್‌ಗಿಂತ ಅದು ಬಹಳ ಮುಂದೆ. 2025ರ ಜುಲೈಯಿಂದ ಹೊಸದಾಗಿ ಸೇರುವ ಸೈಟುಗಳಿಗೆ ಎಐ ಕ್ರಾಲರ್‌ಗಳನ್ನು ತಾನಾಗಿಯೇ ತಡೆಯಲೂ ಶುರು ಮಾಡಿದೆ. ಅದನ್ನು ಹಾಕಿಕೊಂಡವರು ಒಂದು ನೆನಪಿಡಿ: ಓದುಗರ ಐಪಿ ಬದಲು ಕ್ಲೌಡ್‌ಫ್ಲೇರಿನ ಐಪಿ ಲಾಗಿನಲ್ಲಿ ಬೀಳುತ್ತದೆ, ಎನ್‌ಜಿನ್ಎಕ್ಸ್‌ನಲ್ಲಿ ಸರಿ ಮಾಡಿಕೊಳ್ಳದಿದ್ದರೆ ಗೋಆಕ್ಸೆಸ್ ರಿಪೋರ್ಟ್ ಕಸ.

ತಡೆಯುವುದು ಬೇರೆ, ಎಣಿಸುವುದು ಬೇರೆ. ಗೋಆಕ್ಸೆಸ್ ಯಾರನ್ನೂ ತಡೆಯುವುದಿಲ್ಲ. ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ "ಇಲ್ಲಿ ಬರಬೇಡಿ" ಎಂದು ಬರೆಯುವ ಪದ್ಧತಿ 1994ರಿಂದ ಇದೆ, 2022ರಲ್ಲಿ ಅದಕ್ಕೆ ಅಧಿಕೃತ ನಿಯಮಪತ್ರವೂ ಬಂತು, ಆದರೂ ಪಾಲಿಸುವುದು ಬಿಡುವುದು ಬಾಟ್ ಮಾಡಿದವರ ಮರ್ಜಿ. ಅದನ್ನೇ ಪರೀಕ್ಷೆಗೆ ಬಳಸಬಹುದು. ಆ ಫೈಲಿನಲ್ಲಿ ನಿಷೇಧಿಸಿದ ಒಂದು ಪುಟಕ್ಕೆ ಮನುಷ್ಯರ ಕಣ್ಣಿಗೆ ಕಾಣದ, ಸ್ಕ್ರೀನ್ ರೀಡರ್ ಬಳಸುವವರಿಗೂ ಸಿಗದ ಲಿಂಕ್ ಇಡಿ. ಅಲ್ಲಿಗೆ ಬಂದ ಐಪಿಗಳು ಯಾರೆಂದು ಮತ್ತೆ ಯೋಚಿಸಬೇಕಿಲ್ಲ, ಗೋಆಕ್ಸೆಸ್‌ನ 'ಎಕ್ಸ್‌ಕ್ಲೂಡ್ ಐಪಿ' ಪಟ್ಟಿಗೆ ಹಾಕಿಬಿಡಿ. ಕ್ಯಾಪ್ಚಾ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಾನಂತೂ ಹಾಕುವುದಿಲ್ಲ. ತೋಟದಲ್ಲಿ ನಿಂತು, ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ರೇಟು ನೋಡಲು ಬಂದ ಎಪ್ಪತ್ತು ವರ್ಷದ ಹಿರಿಯರಿಗೆ ಟ್ರಾಫಿಕ್ ಲೈಟ್ ಇರುವ ಚೌಕ ಒತ್ತಿ ಅನ್ನುವುದು ನ್ಯಾಯವಾ? ಆದರೆ ದೊಡ್ಡ ಫೈಲುಗಳಿರುವ ಸೈಟಿನವರ ಕಷ್ಟ ಬೇರೆ. ರೀಡ್ ದಿ ಡಾಕ್ಸ್ ಎನ್ನುವ ಸೇವೆಯಿಂದ 2024ರ ಮೇ ಒಂದೇ ತಿಂಗಳಲ್ಲಿ ಒಂದೇ ಕ್ರಾಲರ್ 73 ಟೆರಾಬೈಟ್ ಇಳಿಸಿತ್ತು, ಬ್ಯಾಂಡ್‌ವಿಡ್ತ್ ಬಿಲ್ಲೇ 5,000 ಡಾಲರ್ ದಾಟಿತ್ತು. ಅಂಥವರು ತಡೆಯಲೇಬೇಕು.

ಕಿರಿಕಿರಿಗಳೂ ಇವೆ. ಉಬುಂಟುವಿನಲ್ಲಿ ಎನ್‌ಜಿನ್ಎಕ್ಸ್ ಲಾಗ್ ಸಾಮಾನ್ಯವಾಗಿ ಹದಿನಾಲ್ಕು ದಿನದ್ದು ಮಾತ್ರ ಉಳಿಯುತ್ತದೆ, ತಿಂಗಳ ಲೆಕ್ಕ ಬೇಕಿದ್ದರೆ ಡೇಟಾ ಉಳಿಸಿಡುವ ಆಯ್ಕೆಯನ್ನು ಮೊದಲ ದಿನವೇ ಹಾಕಿಕೊಳ್ಳಿ. ಟರ್ಮಿನಲ್ಲಿನಲ್ಲಿ ಕನ್ನಡ ವಿಳಾಸಗಳ ಒತ್ತಕ್ಷರ ಒಡೆದು ಕಾಣುತ್ತವೆ, ಎಚ್‌ಟಿಎಂಎಲ್ ರಿಪೋರ್ಟಿನಲ್ಲಿ ಪರವಾಗಿಲ್ಲ. ಆ ಎಚ್‌ಟಿಎಂಎಲ್ ರಿಪೋರ್ಟನ್ನು ಪಾಸ್‌ವರ್ಡ್ ಇಲ್ಲದೆ ಸೈಟಿನಲ್ಲೇ ಇಟ್ಟುಬಿಡಬೇಡಿ, ಅದರಲ್ಲಿ ಓದುಗರ ಐಪಿಗಳು ಇರುತ್ತವೆ. ಐಪಿಯ ಬಾಲ ಕತ್ತರಿಸುವ ಆಯ್ಕೆ ಇದೆ, ಬಳಸಿ. ಮತ್ತೆ, ಇದು ಪ್ಯಾನೆಲ್‌ಗಳನ್ನು ಒಂದಕ್ಕೊಂದು ಜೋಡಿಸಿ ನೋಡಲು ಬಿಡುವುದಿಲ್ಲ. 'ಫಾಂಟ್ ಇಳಿಸದೆ ಇಪ್ಪತ್ತು ಪುಟ ನೋಡಿದ ಐಪಿಗಳು ಯಾವುವು' ಎಂದು ಕೇಳಿದರೆ ಉತ್ತರ ಇಲ್ಲ, ಅದಕ್ಕೆ ಗ್ರೆಪ್, ಆಕ್ ಎಂಬ ಸಾಲು ಹುಡುಕುವ ಕಮಾಂಡುಗಳನ್ನು ಹಿಡಿದು ಕೂರಬೇಕು. ನನಗೆ ಇದೊಂದೇ ದೊಡ್ಡ ಕೊರತೆ, ಐದಕ್ಕೆ ಒಂದು ಸ್ಟಾರ್ ಇದಕ್ಕೇ ಕಡಿಮೆ.

ಅಂಗಡಿಯವರಿಗೆ ನಾನು ಒಂದು ನಂಬರ್ ಕೊಡಲಿಲ್ಲ. "ಇಷ್ಟರಿಂದ ಇಷ್ಟರೊಳಗೆ, ಸೀಸನ್ನಿನಲ್ಲಿ ಜಾಸ್ತಿ, ಭಾನುವಾರ ಕಡಿಮೆ" ಅಂದೆ, ಹೋಸ್ಟಿಂಗ್ ಡ್ಯಾಶ್‌ಬೋರ್ಡ್ ಹೇಳಿದ್ದಕ್ಕಿಂತ ಅದು ಎಷ್ಟೋ ಚಿಕ್ಕದು. ಅವರು ಸ್ವಲ್ಪ ಹೊತ್ತು ಯೋಚಿಸಿ, ಭಾನುವಾರದ ದುಡ್ಡು ಬಿಡುವುದಾದರೆ ಹಾಕಿ ಅಂದರು.